ಗೇಣುದ್ದದ ಕತ್ತು

ಆ ವಿಮಾನದ ಚರಿತ್ರೆ ಬರೆದವರೆಲ್ಲ ಅದು ಮೊದಲ ಪಂದ್ಯ ಗೆದ್ದ ದಿನದಿಂದ ಶುರುಮಾಡುತ್ತಾರೆ. ಮೈದಾನದ ತುಂಬ ಜನ, ಎಳೆಬಿಸಿಲು, ಸುರುಳಿ ಸುತ್ತುತ್ತ ಮೇಲೇರಿದ ಉದ್ದ ಕತ್ತಿನ ಪುಟ್ಟ ಯಂತ್ರ, ಬಾಯಿ ತೆರೆದು ನಿಂತ ತೀರ್ಪುಗಾರರು. ಬರೆದದ್ದು ಸುಳ್ಳೇನಲ್ಲ. ಆದರೆ ಅದರ ರೆಕ್ಕೆಗೆ ಕಾಗದ ಹಚ್ಚಿದವಳನ್ನು ಕೇಳಿದ್ದರೆ ಅವಳು ಅದಕ್ಕೂ ಹಿಂದಿನ ಒಂದು ರಜೆಯ ದಿನದಿಂದ ಶುರುಮಾಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಅವಳು ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ಎರಕದ ಕಾರ್ಖಾನೆಯಲ್ಲಿ ಅಚ್ಚಿನ ಬಡಗಿ. ಕಬ್ಬಿಣ ಕರಗಿಸಿ ಹೊಯ್ಯುವ ಮೊದಲು ಯಂತ್ರದ ಭಾಗವನ್ನು ಮರದಲ್ಲಿ ಇದ್ದ ಹಾಗೇ ಕೆತ್ತಿ, ಮರಳಿಗೆ ಒತ್ತಲು ಕೊಡುವುದು ಅವನ ಕೆಲಸ. ಮನೆಯಲ್ಲಿ ಇನ್ನಿಬ್ಬರು, ಅವಳ ಅಮ್ಮ ಮತ್ತು ತಮ್ಮ. ಅಪ್ಪ ತೀರಿಕೊಂಡ ಮೇಲೆ ಅವರಿಬ್ಬರೂ ಇಲ್ಲಿಗೇ ಬಂದು ಸೇರಿದ್ದರು. ಮುಂದೆ ಒಂದು ಕೋಣೆ, ನಡುವೆ ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕೋಣೆ. ಆ ಹಿಂದಿನ ಕೋಣೆಯನ್ನು ಗಂಡ ಯಾವತ್ತೋ ವಶಪಡಿಸಿಕೊಂಡಿದ್ದ. ಒಗೆಯುವ ಕಲ್ಲಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಹತ್ತಿಯಷ್ಟು ಹಗುರವಾದ ಬಾಲ್ಸಾ ಮರದ ಪಟ್ಟಿಗಳು, ಗುಂಡುಸೂಜಿ, ಅಂಟಿನ ಬಟ್ಟಲು. ಬಟ್ಟೆ ಒಗೆಯಬೇಕೆಂದರೆ ಅಮ್ಮ ಬಾಗಿಲಲ್ಲಿ ನಿಂತು, "ಅಳಿಯಂದ್ರೇ, ನಿಮ್ಮ ವಿಮಾನ ನಿಲ್ದಾಣ ಸ್ವಲ್ಪ ಖಾಲಿ ಮಾಡ್ತೀರಾ?" ಎಂದು ಕೇಳುತ್ತಿದ್ದಳು. ಆಗ ಆ ಮನೆಯಲ್ಲಿ ಅಂಥ ಮಾತಿಗೆ ಎಲ್ಲರೂ ನಗುತ್ತಿದ್ದರು.

ತಮ್ಮ ತಂತಿ ಕಚೇರಿಯಲ್ಲಿದ್ದ. ಸೈಕಲ್ ಮೇಲೆ ಊರೆಲ್ಲ ಸುತ್ತಿ ತಂತಿ ಹಂಚುವವನು, ಬಹುಪಾಲು ಸಾವಿನ ಸುದ್ದಿಯದೇ. "ಅಕ್ಕ, ನನ್ನ ಮುಖ ಕಂಡ ಕೂಡಲೇ ಜನ ಅಳೋಕೆ ಶುರುಮಾಡ್ತಾರೆ. ನೋಡೋಕೆ ಹೋದ ಹುಡುಗೀನೂ ಅತ್ತುಬಿಟ್ರೆ ಏನು ಗತಿ?" ಎನ್ನುತ್ತಿದ್ದ. ಅವನಷ್ಟು ಚೆನ್ನಾಗಿ ವಿಮಾನದ ಹಿಂದೆ ಓಡುವವನು ಆಟದ ವಿಮಾನ ಹಾರಿಸುವವರ ಇಡೀ ಕ್ಲಬ್ಬಿನಲ್ಲಿ ಇರಲಿಲ್ಲ. ಈ ವಿಮಾನಗಳಿಗೆ ದಾರವಿಲ್ಲ, ನಡೆಸುವವನಿಲ್ಲ. ಕೈಯಿಂದ ಬಿಟ್ಟರೆ ಮುಗಿಯಿತು, ಆಮೇಲೆ ಅದರ ಹಣೆಬರಹ ಅದಕ್ಕೆ. ಗಾಳಿ ಕರೆದುಕೊಂಡು ಹೋದಲ್ಲಿ ಹೋಗುತ್ತದೆ, ಬಿದ್ದಲ್ಲಿ ಬೀಳುತ್ತದೆ. ಬೇಲಿ, ಹೊಂಡ, ಇಟ್ಟಿಗೆ ಗೂಡಿನ ಬೂದಿರಾಶಿ, ಏನು ಅಡ್ಡ ಬಂದರೂ ಕಣ್ಣನ್ನು ಆಕಾಶದಿಂದ ಕೀಳದೆ ಸೈಕಲ್ ತುಳಿದು ಅದನ್ನು ಹಿಡಿದು ತರುವವನು ಅವನು. ತಂದು ಭಾವನ ಕೈಗೆ ಕೊಟ್ಟು, "ಸಹಿ ಹಾಕಿ ಸ್ವಾಮಿ" ಎನ್ನುತ್ತಿದ್ದ.

ರಬ್ಬರು ತಿರುಚಿ ಹಾರಿಸುವ ವಿಮಾನಗಳಲ್ಲಿ ಗಂಡನಿಗೆ ಆಗಲೇ ಹೆಸರಿತ್ತು. ಅಷ್ಟರಲ್ಲಿ ಸಣ್ಣ ಎಂಜಿನ್‌ಗಳ ಕಾಲ ಬಂತು. ಉಳಿದವರು ಅಂಗಡಿಯಿಂದ ತರಿಸಿದರೆ ಅವನು ತಾನೇ ಅಚ್ಚು ಕೆತ್ತಿ, ಕಾರ್ಖಾನೆಯ ಗೆಳೆಯನಿಂದ ಎರಕ ಹೊಯ್ಯಿಸಿ, ಮುಷ್ಟಿಗಾತ್ರದ ಒಂದು ಎಂಜಿನ್ ಮಾಡಿದ. ಮೊದಲ ಸಲ ಅದು ಕೆಮ್ಮಿ, ಹೊಗೆ ಕಾರಿ, ಕಿವಿ ಕಿತ್ತುಹೋಗುವಂತೆ ಕಿರುಚಿದಾಗ ತಮ್ಮ ಹಿಂದಿನ ಕೋಣೆಯಲ್ಲಿ ಕುಣಿದಾಡಿದ. ಅಮ್ಮ ಹೆದರಿ ಒಲೆಯ ಮೇಲಿದ್ದ ಪಾತ್ರೆ ಕೆಡವಿದಳು.

ಆ ರಜೆಯ ದಿನ ನಾಲ್ವರಲ್ಲಿ ಮೂವರು ಮೈದಾನಕ್ಕೆ ಹೋದರು. ಅಮ್ಮ ಮನೆಯಲ್ಲೇ ಉಳಿದಳು. ವಿಮಾನದ ರೆಕ್ಕೆ ಮಗಳ ಕೈಯದು. ಕಾಗದದ ನಾರು ಯಾವ ಕಡೆ ಓಡುತ್ತದೆಂದು ಬೆರಳಲ್ಲೇ ತಿಳಿದು, ಉದ್ದಕ್ಕೆ ಹಾಸಿ, ನೀರು ಚಿಮುಕಿಸಿ, ಒಣಗಿ ಡೋಲಿನಂತೆ ಬಿಗಿಯಾದ ಮೇಲೆ ವಾರ್ನಿಷ್ ಬಳಿದಿದ್ದಳು. ರೆಕ್ಕೆ ಎಲ್ಲರ ವಿಮಾನದಲ್ಲಿ ಇರುವಂತೆಯೇ ಇತ್ತು, ಒಡಲಿನ ಬೆನ್ನಿಗೆ ಅಂಟಿಕೊಂಡು.

ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಕೈಬೀಸಿದರು. ಗಂಡ ವಿಮಾನ ಬಿಟ್ಟ. ತಮ್ಮ ಆಗಲೇ ಸೈಕಲ್ ಅಲ್ಲೇ ಬಿಟ್ಟು ಮುಂದಕ್ಕೆ ಓಡಿದ್ದ. ಅದು ಅಂಬಿನಂತೆ ಏರಿತು. ಮೇಲೆ ಹೋಗಿ ಎಡಕ್ಕೆ ಸ್ವಲ್ಪ ವಾಲಿತು. ಇನ್ನಷ್ಟು ವಾಲಿತು. ಆಮೇಲೆ ಯಾರೋ ಎತ್ತಿ ಎಸೆದಂತೆ ಮಗುಚಿ, ಎಂಜಿನ್ ಕಿರುಚುತ್ತಿರುವಂತೆಯೇ ಮೂತಿ ಕೆಳಗೆ ಮಾಡಿ ನುಗ್ಗಿತು. "ಪಕ್ಕಕ್ಕೆ ಹೋಗೋ!" ಎಂದು ಗಂಡ ಕೂಗಿದ್ದು ಅವಳಿಗೆ ಕೇಳಿಸಿತು. ತಮ್ಮನಿಗೆ ಕೇಳಿಸಲಿಲ್ಲ. ಅವನು ತಲೆಯೆತ್ತಿ ನೋಡುತ್ತಲೇ ಇದ್ದ, ಎರಡೂ ಕೈ ಚಾಚಿ, ಹಿಡಿಯುವವನಂತೆ.

ಹತ್ತಿರ ಹೋಗಿ ನೋಡಿದರೆ ಅವನು ಹುಲ್ಲಿನ ಮೇಲೆ ಕೂತು ಕಿವಿಯ ಮೇಲಿನ ಜಾಗವನ್ನು ಅಂಗೈಯಲ್ಲಿ ಒತ್ತಿಕೊಂಡಿದ್ದ. ರಕ್ತ ಹೆಚ್ಚೇನಿರಲಿಲ್ಲ.

"ಇವತ್ತು ನನಗೇ ತಂತಿ ಬಂತು, ಭಾವ," ಎಂದು ನಕ್ಕ.

"ಒಂದ್ಸಲ ಆಸ್ಪತ್ರೆಗೆ ತೋರಿಸಿಬಿಡಿ," ಎಂದರು ಹಲ್ಲಿನ ಡಾಕ್ಟರು.

"ನನ್ನ ತಲೆಯೊಳಗೆ ಒಡೆಯೋಕೆ ಏನಿದೆ ಡಾಕ್ಟ್ರೇ? ಮೊದಲು ವಿಮಾನ ನೋಡಿ, ಪಾಪ."

ಅವಳು ಸೆರಗಿನ ತುದಿಯಿಂದ ಅವನ ಗಾಯ ಒರೆಸಿದಳು. ಗಂಡ ಮುರಿದ ವಿಮಾನದ ಬಳಿ ಮಂಡಿಯೂರಿ ಕೂತಿದ್ದ. ರೆಕ್ಕೆಯೊಳಗಿನ ಪಕ್ಕೆಲುಬಿನಂಥ ಕಡ್ಡಿಗಳನ್ನು ಒಂದೊಂದೇ ಆರಿಸಿ ಡಬ್ಬಿಗೆ ಹಾಕುತ್ತಿದ್ದ. ಅವಳೂ ಹೋಗಿ ಹರಿದ ಕಾಗದ ಬಿಡಿಸಲು ಕೂತಳು. ತಮ್ಮ ಅವರಿಬ್ಬರನ್ನೂ ರೇಗಿಸುತ್ತ, ಹುಲ್ಲುಕಡ್ಡಿ ಕಚ್ಚುತ್ತ, ಅಲ್ಲೇ ಒರಗಿದ್ದ. ಮೂವರೂ ನಡೆದುಕೊಂಡೇ ಮನೆಗೆ ಬಂದರು. ಊಟಕ್ಕೆ ಕೂತಾಗ ಅವನು ತಟ್ಟೆ ಪಕ್ಕಕ್ಕೆ ಸರಿಸಿ, "ತಲೆ ಸಿಡೀತಿದೆ ಅಮ್ಮ, ಸ್ವಲ್ಪ ಮಲಗ್ತೀನಿ," ಎಂದ. ಒಂದು ಸಲ ಎದ್ದು ವಾಂತಿ ಮಾಡಿಕೊಂಡ. ಸಂಜೆ ಅಮ್ಮ ಎಬ್ಬಿಸಲು ಹೋದಾಗ ಏಳಲಿಲ್ಲ. ಗೊರಕೆಯಂಥ ಉಸಿರು, ಒಂದು ಕಣ್ಣು ಅರೆತೆರೆದೇ ಇತ್ತು. ಪಕ್ಕದ ಮನೆಯವರ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ತಲೆಬುರುಡೆಯೊಳಗೆ ರಕ್ತ ಸೋರಿ ಹೆಪ್ಪುಗಟ್ಟಿದೆ ಎಂದು ಆಸ್ಪತ್ರೆಯ ವೈದ್ಯ ಹೇಳುವಾಗ ಅವನು ಆಗಲೇ ಹೋಗಿಬಿಟ್ಟಿದ್ದ.

"ಕೂಡಲೇ ತಂದಿದ್ರೆ?" ಎಂದು ಅಮ್ಮ ಕೇಳಿದಳು.

ವೈದ್ಯ ಅವಳ ಕಣ್ಣು ತಪ್ಪಿಸಿ ಹೊದಿಕೆಯನ್ನು ಅವನ ಮುಖದ ಮೇಲೆ ಎಳೆದ. ಅದೇ ಉತ್ತರವಾಯಿತು.

ಪೊಲೀಸರು ಬಂದರು, ಮೈದಾನ ನೋಡಿದರು, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಕ್ಲಬ್ಬಿನವರು ಎಂಜಿನ್ ವಿಮಾನ ಹಾರಿಸುವುದನ್ನು ಕೆಲಕಾಲ ನಿಲ್ಲಿಸಿದರು. ತಂತಿ ಕಚೇರಿಯಿಂದ ಒಬ್ಬ ಬಂದು ತಮ್ಮನ ಚೀಲ, ಟೋಪಿ ವಾಪಸು ಪಡೆದು ಹೋದ. ಅಮ್ಮ ಎದೆ ಬಡಿದುಕೊಂಡು ಅಳಲಿಲ್ಲ, ಅಳಿಯನನ್ನು ಬೈಯಲೂ ಇಲ್ಲ. ಅವನ ಜೊತೆ ಮಾತು ಬಿಟ್ಟಳು, ಅಷ್ಟೆ. ಒಂದೇ ಸೂರಿನ ಕೆಳಗೆ, ಒಂದೇ ನಲ್ಲಿಯಲ್ಲಿ ಕೈ ತೊಳೆಯುತ್ತ, ಅವನಿಗೆ ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳುತ್ತಿದ್ದಳು. "ನಿನ್ನ ಗಂಡನ್ನ ಊಟಕ್ಕೆ ಕರಿ." ಅವನು ಎದುರಿಗೇ ಕೂತಿರುತ್ತಿದ್ದ. ಬಡಿಸುವುದರಲ್ಲಿ ಮಾತ್ರ ಅಮ್ಮ ಒಂದು ತುತ್ತೂ ಕಡಿಮೆ ಮಾಡಲಿಲ್ಲ.

ಇನ್ನು ಅವನು ಆ ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದು ಅವಳು ನಂಬಿದ್ದಳು. ಕೆಲವು ವಾರ ತೆರೆಯಲೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ಬಂದರೆ ಅಮ್ಮ ಬೀದಿಯಲ್ಲಿ ನಿಂತಿದ್ದಾಳೆ. ಚಪ್ಪಲಿ ಕೂಡ ಹಾಕಿಕೊಂಡಿಲ್ಲ. ಒಳಗಿನಿಂದ ಅದೇ ಸದ್ದು.

ಅವಳು ಹಿಂದಿನ ಕೋಣೆಗೆ ನುಗ್ಗಿದಳು. ಗಂಡ ಎಂಜಿನ್ನನ್ನು ಹಲಗೆಗೆ ಬಿಗಿದು ಓಡಿಸುತ್ತಿದ್ದ. ಪ್ರೊಪೆಲ್ಲರ್ ಹಿಂದೆ ಒಂದು ಕೋಲು, ಅದರ ತುಂಬ ಉಣ್ಣೆಯ ಎಳೆಗಳು. ಗಾಳಿಗೆ ಅವು ಒಂದೇ ಕಡೆಗೆ ತಿರುಚಿಕೊಂಡು ನಡುಗುತ್ತಿದ್ದವು.

"ನಿಲ್ಲಿಸ್ರೀ!"

ಅವನು ನಿಲ್ಲಿಸಿದ.

"ನಿಮ್ಮ ಮೈಮೇಲೆ ಜ್ಞಾನ ಇದೆಯಾ? ಅಮ್ಮ ಬೀದೀಲಿ ನಿಂತಿದ್ದಾಳೆ. ಈ ಸದ್ದು ಅವಳ ಕಿವಿಗೆ ಬೀಳಬೇಕಾ?"

"ಯಾಕೆ ಹಾಗೆ ಮಗುಚಿತು ಅಂತ ಗೊತ್ತಾಗಬೇಕು ಕಣೇ. ಮಲಗಿದ್ರೂ ಅದೇ, ಎದ್ರೂ ಅದೇ. ಎಡಕ್ಕೇ ಯಾಕೆ ವಾಲ್ತು?"

"ಗೊತ್ತಾದ್ರೆ ತಮ್ಮ ಬರ್ತಾನಾ?"

ಅವನು ಉಣ್ಣೆಯ ಎಳೆಗಳನ್ನೇ ನೋಡುತ್ತ, "ಇಲ್ಲ," ಎಂದ. "ಆದ್ರೆ ಆ ಕ್ಲಬ್ಬಿನೋರು ಮಳೆಗಾಲ ಮುಗಿದ ಮೇಲೆ ಮತ್ತೆ ಹಾರಿಸ್ತಾರೆ. ಎಲ್ಲರದ್ದೂ ಅದೇ ಥರದ ವಿಮಾನ."

ಮರುದಿನ ಅವನು ಎಂಜಿನ್ನನ್ನೂ ಕೋಲನ್ನೂ ಕಾರ್ಖಾನೆಯ ಸೌದೆ ಕೊಟ್ಟಿಗೆಗೆ ಸಾಗಿಸಿದ. ಮನೆ ನಿಶ್ಶಬ್ದವಾಯಿತು. ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದ, ಬಟ್ಟೆಯೆಲ್ಲ ಹೊಗೆ ವಾಸನೆ. ಅಮ್ಮನ ಮೂಗಿಗೆ ಅದು ತಾಕದಿರಲೆಂದು ಅವಳು ಅವನ ಅಂಗಿಯನ್ನು ಹೊರಗೇ ನೀರಿಗೆ ಅದ್ದಿಬಿಡುತ್ತಿದ್ದಳು. ಅವನೇನು ಮಾಡುತ್ತಿದ್ದಾನೆಂದು ಕೇಳಲಿಲ್ಲ.

ಒಂದು ದಿನ ಅವನು ಬೈಂಡಿಂಗ್ ಅಂಗಡಿಯ ಬಾಗಿಲಿಗೇ ಬಂದ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿ ಇರಿಸಿಕೊಂಡು. ಬಿಚ್ಚಿದರೆ ರೆಕ್ಕೆ. ತಾನೇ ಕಾಗದ ಹಚ್ಚಿದ್ದ. ಮುದಿ ಕೆನ್ನೆಯಂತೆ ಸುಕ್ಕುಸುಕ್ಕು, ಒಂದು ತುದಿ ತಿರುಚಿಕೊಂಡಿತ್ತು.

"ನನ್ನ ಕೈಲಿ ಆಗ್ತಿಲ್ಲ," ಎಂದ.

"ನನ್ನ ಕೈಲೂ ಆಗಲ್ಲ. ತಗೊಂಡು ಹೋಗಿ."

ಅವನು ಅದಕ್ಕೆ ಮತ್ತೆ ಬಟ್ಟೆ ಸುತ್ತತೊಡಗಿದ. ಅವಳು ಆ ತಿರುಚಿದ ತುದಿಯನ್ನೇ ನೋಡಿದಳು. ಇವನು ಇದನ್ನು ಹೀಗೆಯೇ ಹಾರಿಸುತ್ತಾನೆ, ಬಿಡುವವನಲ್ಲ. ಇದು ಇನ್ಯಾರದೋ ತಲೆಯ ಮೇಲೆ ಬೀಳುತ್ತದೆ. ಆ ಮನೆಯಲ್ಲೂ ಒಬ್ಬ ತಾಯಿ ಇರುತ್ತಾಳೆ.

"ಇಡಿ ಇಲ್ಲಿ," ಎಂದಳು.

ರಟ್ಟು ಕತ್ತರಿಸುವ ಮೇಜಿನ ಮೇಲೆ ಹಳೆಯ ಕಾಗದವನ್ನೆಲ್ಲ ಒದ್ದೆ ಮಾಡಿ ಸುಲಿದಳು. ಕಾಗದ ಹಚ್ಚುವಾಗ ಎಂದಿನಂತೆ ಬೆರಳು ತಾವಾಗಿ ಓಡಿದವು, ಅದು ಅವಳಿಗೇ ಅಸಹ್ಯವೆನಿಸಿತು. ಜೊತೆಗೆಲಸದವಳು, "ಯಾರ ಪುಸ್ತಕನೇ ಅದು, ಅಷ್ಟು ಉದ್ದ?" ಎಂದು ತಮಾಷೆ ಮಾಡಿದಳು. ಮನೆಗೆ ಹೋದಾಗ ಕೈಯಲ್ಲಿ ಅಂಟಿನ ಕಲೆಯಿದ್ದರೂ ಅಮ್ಮನಿಗೆ ಅನುಮಾನ ಬರಲಿಲ್ಲ. ಅವಳ ಕೈಯಲ್ಲಿ ಅಂಟಿಲ್ಲದ ದಿನವೇ ಇರುತ್ತಿರಲಿಲ್ಲ.

ಹಾರಿಸುವ ದಿನ ಬೆಳಗ್ಗೆ ಇಬ್ಬರೇ ಮೈದಾನಕ್ಕೆ ಹೋದರು. ಅವಳು ಬರುವುದಿಲ್ಲವೆಂದೇ ಇದ್ದವಳು ಕೊನೆಗೆ ಹೊರಟಳು, ಅವನನ್ನು ಒಬ್ಬನನ್ನೇ ಕಳಿಸಲು ಧೈರ್ಯವಾಗದೆ. ಆಗ ಮೊದಲ ಬಾರಿ ಇಡೀ ವಿಮಾನವನ್ನು ನೋಡಿದಳು. ಒಡಲು ಕೆಳಗೆ, ರೆಕ್ಕೆ ಎಲ್ಲೋ ಮೇಲೆ. ನಡುವೆ ತೆಳ್ಳನೆಯ ಹಲಗೆಯ ಕತ್ತು, ಗೇಣುದ್ದ. ಯಾರೋ ರೆಕ್ಕೆಯನ್ನು ಅಟ್ಟದ ಮೇಲಿಟ್ಟು ಮರೆತಂತೆ ಕಾಣುತ್ತಿತ್ತು.

"ಪ್ರೊಪೆಲ್ಲರ್ ಹಿಂದಕ್ಕೆ ತಳ್ಳೋ ಗಾಳಿ ನೆಟ್ಟಗೆ ಹೋಗಲ್ಲ, ತಿರುಚಿಕೊಂಡು ಹೋಗುತ್ತೆ," ಎಂದು ಅವನು ಹೇಳಿದ, ಕೇಳದಿದ್ದರೂ. "ಎಂಜಿನ್ನು ವಿಮಾನನ ಎಡಕ್ಕೆ ಹೊರಳಿಸುತ್ತೆ. ಆ ಗಾಳಿ ಈ ಕತ್ತಿಗೆ ಬಡಿದ್ರೆ ಬಲಕ್ಕೆ ಒತ್ತುತ್ತೆ. ಎರಡೂ ಸಮಸಮ. ಮಗುಚೋಕೆ ಆಗಬಾರದು. ನೀನು ಆ ಗೋಡೆ ಹಿಂದೆ ಹೋಗು."

ಅವಳು ಇಟ್ಟಿಗೆ ಗೂಡಿನ ಗೋಡೆಯ ಹಿಂದೆ ನಿಂತು ಇಣುಕಿದಳು. ಅವನು ಎಂಜಿನ್ ಎಬ್ಬಿಸಿದ. ವಿಮಾನ ಬಿಟ್ಟ ಕೂಡಲೇ ಅವನು ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಮುಂದಕ್ಕೆ ನಡೆದು ಅದರ ನೇರ ಕೆಳಗೆ, ತಮ್ಮ ನಿಂತಿದ್ದ ಕಡೆಯೇ ಹೋಗಿ, ಕೈ ಕಟ್ಟಿ ನಿಂತುಬಿಟ್ಟ.

"ಬನ್ರೀ ಈಚೆಗೆ!" ಎಂದು ಅವಳು ಕಿರುಚಿದಳು. ಎಂಜಿನ್ನಿನ ಮುಂದೆ ಅವಳ ದನಿ ಎಲ್ಲಿ ಕೇಳಬೇಕು.

ವಿಮಾನ ಏರಿತು. ಎಡಕ್ಕೆ ಒಂದಿಷ್ಟು ಬಾಗಿತು. ಯಾರೋ ಭುಜ ಹಿಡಿದು ನೆಟ್ಟಗೆ ಮಾಡಿದಂತೆ ಅದು ತಿದ್ದಿಕೊಂಡಿತು. ಬಲಕ್ಕೆ ಸುತ್ತುತ್ತ, ತಿರುಪಿನಂತೆ ಗಾಳಿಯನ್ನು ಕೊರೆಯುತ್ತ ಮೇಲೆ, ಇನ್ನೂ ಮೇಲೆ ಹೋಯಿತು. ತುಂಬಿದ್ದ ಎಣ್ಣೆ ತೀರಿ ಎಂಜಿನ್ ನಿಂತಿತು. ಒಮ್ಮೆಲೇ ಮೌನ. ಅಷ್ಟೆತ್ತರದಲ್ಲಿ ಅವಳು ಹಚ್ಚಿದ ಕಾಗದ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತ, ಆತುರವಿಲ್ಲದೆ ಸುತ್ತು ಹಾಕುತ್ತ ಇಳಿಯತೊಡಗಿತು.

ಗಂಡ ತಿರುಗಿ ನೋಡಿದ. ಗೆದ್ದ ಮುಖ ಅದಾಗಿರಲಿಲ್ಲ. ಬೀಳಲಿಲ್ಲವಲ್ಲ ಎಂದು ಪೆಚ್ಚಾದವನ ಮುಖದಂತೆ ಅವಳಿಗೆ ಕಂಡಿತು. ಅವಳು ಗೋಡೆಗೆ ಒರಗಿ ಕೂತಳು.

"ಇಷ್ಟೇನಾ?" ಎಂದಳು ಅವನು ಹತ್ತಿರ ಬಂದಾಗ. "ಒಂದು ಗೇಣು ಮರ. ಇಷ್ಟೇ ಸಾಕಾಗಿತ್ತಾ?"

"ಹೂಂ."

"ಆವತ್ತೇ ಹೊಳೀಬಾರದಿತ್ತಾ ನಿಮಗೆ?"

ಇಬ್ಬರೂ ಇಳಿದ ವಿಮಾನ ಎತ್ತಿಕೊಂಡು ವಾಪಸು ಹೊರಟರು. ಮೈದಾನ ದಾಟುವಾಗ ಅವನು ಮೆಲ್ಲಗೆ, "ಇದಕ್ಕೆ ಅವನ ಹೆಸರಿಡೋಣ ಅಂತಿದ್ದೀನಿ," ಎಂದ.

"ಬೇಡ."

"ಎಲ್ಲರೂ ಇದನ್ನ ಮಾಡ್ತಾರೆ ಮುಂದೆ. ಅವನ ಹೆಸರು..."

"ಬೇಡ ಅಂದ್ನಲ್ಲ! ಅವನನ್ನ ಕೊಂದದ್ದಕ್ಕೆ ಅವನದೇ ಹೆಸರಾ? ಅಮ್ಮನ ಕಿವಿಗೆ ಬಿದ್ರೆ ಅವಳು ಉಳೀತಾಳಾ?"

ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲ ಕಳೆದು ಪಂದ್ಯ ನಡೆಯಿತು. ಅವನು ವಿಮಾನ ಹೊರತೆಗೆದಾಗ ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ರೆಕ್ಕೆಗೆ ನೆಲದ ಭಯವೇನ್ರೀ?" ಎಂದ ಒಬ್ಬ. "ಒಗೆದು ಒಣಗಿ ಹಾಕಿದ್ದಾರೆ," ಎಂದ ಇನ್ನೊಬ್ಬ. ವಿಮಾನ ಏರಿದ ಮೇಲೆ ಯಾರೂ ನಗಲಿಲ್ಲ. ಉಳಿದವರದ್ದು ಒಂದೊಂದಾಗಿ ಇಳಿದು ನೆಲ ಮುಟ್ಟಿದ ಮೇಲೂ ಇವನದ್ದು ಆಕಾಶದಲ್ಲಿ ಸುತ್ತುತ್ತಲೇ ಇತ್ತು. ಇಟ್ಟಿಗೆ ಗೂಡಿನ ಬಿಸಿಗಾಳಿ ಸಿಕ್ಕಿ ಚುಕ್ಕೆಯಾಗಿ, ಕೊನೆಗೆ ಚುಕ್ಕೆಯೂ ಇಲ್ಲದೆ ಹೋಯಿತು. ಬೆನ್ನಟ್ಟಿ ತರುವವರು ಇರಲಿಲ್ಲ. ಅದು ಸಿಗಲೇ ಇಲ್ಲ.

ನಕ್ಷೆ ಕೇಳಿದವರಿಗೆಲ್ಲ ಅವನು ಕೊಟ್ಟ. ತಾನೇ ಕೂತು ಬರೆದು, ಅಳತೆ ಹಾಕಿ, ಕ್ಲಬ್ಬಿನ ಒಬ್ಬೊಬ್ಬರ ಮನೆಗೂ ಹೋಗಿ ಹಂಚಿದ. "ಹಳೇ ಥರದ್ದು ಇನ್ನು ಮಾಡಬೇಡಿ. ಕತ್ತು ಇರಲೇಬೇಕು," ಎಂದು ಕೈ ಹಿಡಿದು ಹೇಳುತ್ತಿದ್ದ. ಆಟಿಕೆ ಕಂಪನಿಯೊಂದು ಆ ನಕ್ಷೆಯನ್ನೇ ಅಚ್ಚು ಹಾಕಿ, ಮರದ ಪಟ್ಟಿಗಳ ಜೊತೆ ಡಬ್ಬಿಯಲ್ಲಿ ತುಂಬಿ, "ಗಗನರಾಜ" ಎಂದು ಹೆಸರಿಟ್ಟು ಮಾರಿತು. ಬೇರೆ ದೇಶಗಳಲ್ಲೂ ಉದ್ದ ಕತ್ತಿನ ವಿಮಾನಗಳೇ ಗೆಲ್ಲತೊಡಗಿದವು.

ಮಗುಚದ ವಿಮಾನ ಎಂದ ಮೇಲೆ ಜನರ ಭಯ ಹೋಯಿತು. ಇನ್ನೂ ದೊಡ್ಡ ಎಂಜಿನ್ ಕೂರಿಸಿದರು. ಹೆಂಗಸರು, ಮಕ್ಕಳು ವಿಮಾನದ ಕೆಳಗೇ ಚಾಪೆ ಹಾಸಿ ಕೂರತೊಡಗಿದರು. ಗಂಡ ರಜೆಯ ದಿನವೆಲ್ಲ ಮೈದಾನದಲ್ಲಿ ಓಡಾಡುತ್ತ, "ಏಳಿ, ಏಳಿ, ಆಚೆ ಹೋಗಿ!" ಎಂದು ಅವರನ್ನು ಅಟ್ಟುತ್ತಿದ್ದ. ಮೊದಮೊದಲು ಕೇಳಿದರು, ಆಮೇಲೆ ಗೊಣಗಿದರು, ಕೊನೆಗೆ ಮರೆಯಲ್ಲಿ "ಪೀಪಿ" ಎಂದು ಹೆಸರಿಟ್ಟರು. ಒಮ್ಮೆ ಅವನು ಒಬ್ಬನ ಕೈಯಿಂದ ವಿಮಾನ ಕಿತ್ತುಕೊಂಡ, ತಳ್ಳಾಟವಾಯಿತು. ಮರುವಾರ ಹಲ್ಲಿನ ಡಾಕ್ಟರು ಮನೆಗೇ ಬಂದು, ಕುರ್ಚಿಯ ಅಂಚಿನಲ್ಲಿ ಕೂತು, "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ. ಎಲ್ಲರಿಗೂ ನಿಮ್ಮ ಮೇಲೆ ಗೌರವ ಇದೆ," ಎಂದರು. ಅವನಿಗೆ ಅರ್ಥವಾಯಿತು. ಅದೇ ಅಚ್ಚಿನಿಂದ ಮಾಡಿಕೊಂಡಿದ್ದ ಎರಡನೆಯ ಎಂಜಿನ್ನನ್ನು ಕಾರ್ಖಾನೆಗೆ ಒಯ್ದು ಕರಗಿದ ಲೋಹದೊಳಗೆ ಹಾಕಿಬಿಟ್ಟ. ಹಿಂದಿನ ಕೋಣೆಯ ಹಲಗೆ ತೆಗೆದು, ಒಗೆಯುವ ಕಲ್ಲು ಉಜ್ಜಿ ತೊಳೆದ. ಅಮ್ಮ ಏನೂ ಕೇಳದೆ ಮರುದಿನದಿಂದ ಅಲ್ಲೇ ಬಟ್ಟೆ ಒಗೆದಳು.

ವರ್ಷಗಳು ಕಳೆದವು. ಕ್ಲಬ್ಬಿನವರು ತಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಲು ಅವಳ ಅಂಗಡಿಗೇ ಕಳಿಸಿದರು. ಹಾಳೆ ಜೋಡಿಸುವಾಗ ಉದ್ದ ಕತ್ತಿನ ವಿಮಾನದ ಚಿತ್ರ ಕಣ್ಣಿಗೆ ಬಿತ್ತು. ಹಲ್ಲಿನ ಡಾಕ್ಟರು ಬರೆದ ಲೇಖನ. ಕೈ ಒರೆಸಿಕೊಂಡು ಓದಿದಳು. ಗಂಡನ ಹೆಸರಿತ್ತು, ಹೊಗಳಿಕೆ ಧಾರಾಳವಾಗಿತ್ತು. ಅವಳು ಬಿಡಿ ಸಂಚಿಕೆಯನ್ನು ಒಂದು ದಿನಕ್ಕೆಂದು ಕೇಳಿ ಪಡೆದು ಮನೆಗೆ ತಂದಳು. ಗಂಡನಿಗೆ ತೋರಿಸಬೇಕೆಂದಿದ್ದಳು. ಅಮ್ಮ ಚಿತ್ರ ನೋಡಿ, "ಏನದು, ಓದು," ಎಂದಳು.

ಓದಲೇಬೇಕಾಯಿತು. "...ಹಿಂದಿನ ಮಾದರಿಗಳಲ್ಲಿದ್ದ ಒಂದು ಸಣ್ಣ ದೋಷವನ್ನು ಇವರು ಜಾಣತನದಿಂದ ನಿವಾರಿಸಿದರು..."

"ಏನು ದೋಷ?"

ಅವಳು ಪುಟ ತಿರುವಲು ಹೋದಳು.

"ಸಣ್ಣ ದೋಷ ಅಂದ್ರೆ ನನ್ನ ಮಗ ಸತ್ತದ್ದಾ?"

"ಅವರಿಗೆ ಬರೆಯೋಕೆ ಬರಲಿಲ್ಲ ಅಮ್ಮ."

"ಅವನ ಹೆಸರೆಲ್ಲಿದೆ? ಪೂರ್ತಿ ಓದು."

"ಇಲ್ಲ."

"ಎಲ್ಲೂ ಇಲ್ವಾ?" ಅಮ್ಮ ಪುಟವನ್ನು ತಾನೇ ಎಳೆದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿದಳು. "ನಿನ್ನ ಗಂಡನ ಹೆಸರಿದೆ, ಬರೆದ ಡಾಕ್ಟರ ಹೆಸರಿದೆ. ಡಬ್ಬಿ ಮಾಡೋ ಕಂಪನಿ ಹೆಸರಿದೆ. ಆ ವಿಮಾನಕ್ಕೇ ಅವನ ಹೆಸರಿಡಬಹುದಿತ್ತು. ನಿನ್ನ ಗಂಡನಿಗೆ ಅಷ್ಟೂ ತೋಚಲಿಲ್ವಾ?"

ಅಲ್ಲೇ ಬಾಗಿಲ ಬಳಿ ಗಂಡ ನಿಂತಿದ್ದ. ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

"ಅವರು ಇಡೋಣ ಅಂದಿದ್ರು ಅಮ್ಮ," ಎಂದಳು. "ನಾನೇ ಬೇಡ ಅಂದೆ. ನಿನಗೆ ತಡ್ಕೊಳ್ಳೋಕೆ ಆಗಲ್ಲ ಅಂತ."

"ನನ್ನ ಕೇಳಿದ್ಯಾ?"

"ಇಲ್ಲ."

"ನಾನು ಹೆತ್ತದ್ದು. ನನ್ನನ್ನ ಕೇಳೋಕೆ ನಿನಗೆ ಬಾಯಿರಲಿಲ್ವಾ?"

ಅಮ್ಮ ಪತ್ರಿಕೆ ಮಡಚಿ ಅವಳ ಮಡಿಲಿಗೆ ಹಾಕಿ ಎದ್ದುಹೋದಳು.

ಗಂಡ ಮರುದಿನವೇ ಹಲ್ಲಿನ ಡಾಕ್ಟರ ಬಳಿ ಹೋದ. ಕ್ಲಬ್ಬಿನವರು ಹೋಗೆಂದ ಮೇಲೆ ಅವನು ಅವರ ಮುಖ ನೋಡಿರಲಿಲ್ಲ. ರೋಗಿಗಳ ನಡುವೆ ಬೆಂಚಿನ ಮೇಲೆ ಕಾದು ಕೂತು, ಒಳಗೆ ಹೋಗಿ ಕೇಳಿದ. ಡಾಕ್ಟರು ನೊಂದುಕೊಂಡರು, ತಪ್ಪಾಯಿತು ಎಂದರು, ಹಾಕಿಸುತ್ತೇನೆ ಎಂದರು. ಕಂಪನಿಗೂ ಹೇಳಿ ನೋಡಿದರು. ಆ ಹೆಸರಲ್ಲೇ ಸಾಮಾನು ಎಲ್ಲ ಕಡೆ ಹೋಗಿಯಾಗಿದೆ, ಇನ್ನು ಬದಲಿಸಲಾಗದು ಎಂದು ಅಲ್ಲಿಂದ ಉತ್ತರ ಬಂತು. ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ, ಅಂಟು ಮತ್ತು ವಾರ್ನಿಷ್ ಜಾಹೀರಾತಿನ ಕೆಳಗೆ, ಒಂದು ತುಣುಕು ಬಂತು. ಈ ಮಾದರಿಯ ತಯಾರಿಕೆಗೆ ನೆರವಾದ, ಈಗ ದಿವಂಗತರಾದ, ಎಂದು ತಮ್ಮನ ಹೆಸರು. ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು.

ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಗಂಡ ಅವಳ ಎದುರಿಗೆ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ನಿಂತಿದ್ದ.

"ಮತ್ತೆ ಹೋಗಿ ಹೇಳ್ತೀನಿ ಅತ್ತೆ. ಸರಿಮಾಡಿಸ್ತೀನಿ."

"ಬಿಡಿ," ಎಂದಳು ಅಮ್ಮ. "ಎಷ್ಟು ಸಲ ಹೋಗ್ತೀರಿ, ಅಳಿಯಂದ್ರೇ."

ಮಗ ಹೋದ ಮೇಲೆ ಅಳಿಯನ ಮುಖ ನೋಡಿ ಅಮ್ಮ ಆಡಿದ ಮೊದಲ ಮಾತು ಅದು. ಅವನು ಸರಸರನೆ ಹಿಂದಿನ ಕೋಣೆಗೆ ಹೋದ. ನಲ್ಲಿ ತಿರುಗಿಸಿ ಮುಖ ತೊಳೆಯುವ ಸದ್ದು ತುಂಬ ಹೊತ್ತು ಕೇಳಿಸಿತು.

ಆಮೇಲೆ ಅವರಿಬ್ಬರ ನಡುವೆ ಮಾತು ಬೆಳೆಯಿತು. ದೊಡ್ಡ ಮಾತೇನಲ್ಲ. ನಲ್ಲಿ ಸೋರುತ್ತಿದೆ ನೋಡಿ, ಬಾಗಿಲ ಚಿಲಕ ಸಡಿಲವಾಗಿದೆ, ಕಾಲಿನ ನೋವಿಗೆ ಆ ಹಳೇ ಮುಲಾಮೇ ತನ್ನಿ. ಅವನು ಹೇಳಿದ್ದನ್ನು ಹೇಳಿದ ಗಳಿಗೆಯಲ್ಲೇ ಮಾಡುತ್ತಿದ್ದ. ಆದರೆ ಅಷ್ಟು ವರ್ಷ ಅವನ ಮೇಲಿದ್ದ ಮೌನ ಮನೆ ಬಿಟ್ಟು ಹೋಗಲಿಲ್ಲ, ಆಳು ಬದಲಿಸಿತು. ಅಮ್ಮ ಮಗಳೊಡನೆ ಬೇಕಾದಷ್ಟೇ ಆಡುತ್ತಿದ್ದಳು. ಅವಳು ತಲೆ ಬಾಚಲು ಬಂದರೆ ಬಾಚಿಸಿಕೊಳ್ಳುವಳು, ಕೈಗೆ ಕೊಟ್ಟದ್ದನ್ನು ತಿನ್ನುವಳು. ಹಳೆಯದನ್ನು ನೆನೆಸಿ ನಗುವುದು, ಮಗಳ ಗಲ್ಲ ಹಿಂಡುವುದು, ಅದೆಲ್ಲ ನಿಂತುಹೋಯಿತು.

"ಆವತ್ತು ನಾನು ಬೇಡ ಅಂದಾಗ ನೀವು ಯಾಕೆ ಜಗಳ ಆಡಲಿಲ್ಲ?" ಎಂದು ಅವಳು ಗಂಡನನ್ನು ಒಮ್ಮೆ ಕೇಳಿದಳು.

"ನಿನ್ನ ಜೊತೆ ಜಗಳ ಆಡೋ ಮುಖ ನನಗೆ ಎಲ್ಲಿತ್ತು?" ಎಂದ ಅವನು.

ಅಮ್ಮ ಹಾಸಿಗೆ ಹಿಡಿದದ್ದು ಅದಾಗಿ ಕೆಲವು ವರ್ಷಕ್ಕೆ. ಅವಳು ಅಂಗಡಿಗೆ ರಜೆ ಹಾಕಿ ಹಗಲೆಲ್ಲ ಪಕ್ಕದಲ್ಲೇ ಕೂತಿರುತ್ತಿದ್ದಳು. ಮೈ ಒರೆಸಿ, ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಎಲ್ಲ ಅವಳದೇ ಕೈ. ಅಮ್ಮ ಯಾವುದಕ್ಕೂ ಅಡ್ಡಿ ಮಾಡಲಿಲ್ಲ. ಒಂದು ಮಧ್ಯಾಹ್ನ ಕಣ್ಣು ಬಿಟ್ಟು, ಮಗಳು ಅಷ್ಟು ಹತ್ತಿರ ಇರುವಾಗಲೂ, ಅವಳ ಭುಜದಾಚೆ ಬಾಗಿಲಲ್ಲಿ ನಿಂತವನನ್ನು ನೋಡಿ, "ಅಳಿಯಂದ್ರೇ, ಸ್ವಲ್ಪ ನೀರು," ಎಂದಳು.

ಅವನು ಲೋಟದಲ್ಲಿ ನೀರು ತಂದ. ಮಂಚದ ಬಳಿ ಬಂದು ಒಂದು ಗಳಿಗೆ ನಿಂತ. ಆಮೇಲೆ ಲೋಟವನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಹೋದ.

ಅವಳು ಅಮ್ಮನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ಲೋಟ ತುಟಿಗೆ ಹಿಡಿದಳು. ಅಮ್ಮ ಅವಳನ್ನು ನೋಡಿದಳು, ನೀರನ್ನು ನೋಡಿದಳು. ಕುಡಿದಳು.